ಭಟ್ಟಿ ಒಣಗುವವರೆಗೆ

ಅಕ್ಟೋಬರ್ ೬, ಸೋಮವಾರ

ಬೆಳಿಗ್ಗೆ ಬೇಕರಿಯವನು ಬಂದಿದ್ದ. ಬೀದಿಯವರೆಲ್ಲ ಅವನನ್ನು ಬನ್‌ರಾಯ ಎನ್ನುತ್ತಾರೆ. ಕೆನ್ನೆಗಳು ಬನ್ನಿನ ಹಾಗೇ ಉಬ್ಬಿಕೊಂಡಿವೆ. ಇವತ್ತು ಇಳಿದುಹೋಗಿದ್ದವು. ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಸುರಿದ. ಬಿಸ್ಕತ್ತು ಇರಬೇಕೆಂದು ನಾನು ಕೈ ಚಾಚಿದ್ದೆ. ನೋಡಿದರೆ ಸಿಮೆಂಟಿನ ಚೂರುಗಳು.

ಹೋದ ವರ್ಷ ನನ್ನ ಮಗ ಕಟ್ಟಿಕೊಟ್ಟ ಭಟ್ಟಿಯ ಗುಮ್ಮಟ ಒಳಗಿನಿಂದ ಉದುರುತ್ತಿದೆಯಂತೆ. ಬ್ರೆಡ್ಡಿನಲ್ಲಿ ಚೂರು ಸಿಕ್ಕಿ ಗಿರಾಕಿಯೊಬ್ಬನ ಹಲ್ಲು ಮುರಿದಿದೆ. ಇನ್ನೊಂದು ಹಲ್ಲು ಹೋದರೆ ಅಂಗಡಿಗೆ ಬೀಗ ಹಾಕುವುದೇ ಎಂದ. ಮಗ ಊರಲ್ಲಿಲ್ಲ, ಬಂದ ಕೂಡಲೇ ನೋಡುತ್ತಾನೆ ಎಂದೆ. ಬನ್‌ರಾಯ ನೆಲ ನೋಡಿದ. ಮಗ ಯಾರ ಜೊತೆ ಯಾವ ಊರಲ್ಲಿ ಹೋಗಿ ಕೂತಿದ್ದಾನೆಂದು ಬೀದಿಗೆಲ್ಲ ಗೊತ್ತಿದೆ. ಹೋಗಿ ತಿಂಗಳಾಗುತ್ತ ಬಂತು.

ಸೊಸೆ ಒಳಗಿನಿಂದ ಬಂದು ಒಂದು ಚೂರನ್ನು ಬೆರಳಲ್ಲಿ ಹಿಸುಕಿದಳು. ಪುಡಿಯಾಯಿತು. ವರ್ಷ ಮುಗಿಯುವುದರೊಳಗೆ ಹೊಸ ಗುಮ್ಮಟ ಹಾಕಿಕೊಡುತ್ತೇವೆ ಅಣ್ಣ ಎಂದುಬಿಟ್ಟಳು. ನನ್ನ ಮುಖ ಕೂಡ ನೋಡಲಿಲ್ಲ.

ಅವನು ಹೋದ ಮೇಲೆ ಕೇಳಿದೆ, ಭಟ್ಟಿ ಕಟ್ಟುವುದೇನು ಬಟ್ಟೆ ಒಗೆದಷ್ಟು ಸುಲಭವೇ ಎಂದು. ಐದು ವರ್ಷ ಗಂಡನ ವರ್ಕ್‌ಶಾಪಿನ ಫೋನು ಎತ್ತಿದವಳು, ಅಷ್ಟೆ. ಮಗ ಬರಲಿ, ಕಾಯೋಣ ಎಂದೆ.

“ಬರೋರನ್ನ ಕಾಯ್ತಾ ಕೂತ್ರೆ ಆ ಅಣ್ಣನ ಅಂಗಡಿ ಮುಚ್ಚುತ್ತೆ ಮಾವ.”

ಇದೇ ಇವಳ ಬುದ್ಧಿ. ಮಾತೇ ಇಲ್ಲ, ಆಡಿದರೆ ಗುಂಡು ಹೊಡೆದ ಹಾಗೆ. ಇಂಥವಳ ಜೊತೆ ಗಂಡಸು ಎಷ್ಟು ದಿನ ಇದ್ದಾನು ಎಂದು ಒಮ್ಮೊಮ್ಮೆ ಅನಿಸುತ್ತದೆ. ಬರೆಯಬಾರದಿತ್ತೇನೋ. ಓದುವವರು ಯಾರಿದ್ದಾರೆ.

ಅಕ್ಟೋಬರ್ ೧೨, ಭಾನುವಾರ

ಮಗನಿಗೆ ಫೋನ್ ಮಾಡಿದೆ. ಬಿಡುವಾಗಿರುತ್ತಾನೆಂದು ಭಾನುವಾರವೇ ಮಾಡುವುದು. ರಿಂಗಾಯಿತು, ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದೆ.

ಮಹಡಿಯ ಮೇಲೆ ಮನೆ, ಕೆಳಗೆ ವರ್ಕ್‌ಶಾಪು. ಬೆಳಗಿನಿಂದ ಅವಳು ಕೆಳಗೆ ಮೂಟೆಗಳನ್ನು ಎಳೆದಾಡುತ್ತಿದ್ದಾಳೆ. ಅಡುಗೆಮನೆಯ ತಕ್ಕಡಿಯೂ ಕೆಳಗಿಳಿಯಿತು. ನಾನು ಬದುಕೆಲ್ಲ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು. ಸಿಮೆಂಟು ಎಂಬ ಪದದ ಕಾಗುಣಿತ ಗೊತ್ತು, ಸಿಮೆಂಟು ಗೊತ್ತಿಲ್ಲ. ಆದರೆ ಮಗ ಕೆಲಸ ಮಾಡುವುದನ್ನು ಮೆಟ್ಟಿಲ ಮೇಲೆ ಕೂತು ನೋಡಿದ್ದೇನೆ. ಅವನಿಗೆ ತಕ್ಕಡಿ ಬೇಕಿರಲಿಲ್ಲ. ಸಲಿಕೆಯಲ್ಲಿ ಇಷ್ಟು ಇದು, ಇಷ್ಟು ಅದು. ಕಣ್ಣೇ ತಕ್ಕಡಿ ಅಪ್ಪ ಎನ್ನುತ್ತಿದ್ದ. ಅದು ಕೈಗುಣ. ತೂಕ ಹಾಕಿ ಬರುವಂಥದ್ದಲ್ಲ.

ಅಕ್ಟೋಬರ್ ೧೫, ಬುಧವಾರ

ಬಿಸ್ಕತ್ತು ಡಬ್ಬಿಯ ಮುಚ್ಚಳಗಳೇ ಅಚ್ಚು. ಅವುಗಳಲ್ಲಿ ಬಿಲ್ಲೆಗಳನ್ನು ಹಾಕಿದ್ದಾಳೆ. ಒಂದೊಂದರಲ್ಲಿ ಒಂದೊಂದು ಬೆರಕೆ: ಒಂದಕ್ಕೆ ಮರಳು, ಒಂದಕ್ಕೆ ಇಟ್ಟಿಗೆ ಪುಡಿ, ಒಂದಕ್ಕೆ ಬೂದಿ. ಎಲ್ಲವನ್ನೂ ಸುಟ್ಟು ಯಾವುದು ಉಳಿಯುತ್ತದೆಂದು ನೋಡುವುದಂತೆ. ಟೀ ಕೇಳಲು ಇಳಿದಾಗ ಚೀಟಿಯೊಂದು ಕಣ್ಣಿಗೆ ಬಿತ್ತು: “ಆರುಬೂದಿ”. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ ಹಿಡಿದಿಟ್ಟ ನಯವಾದ ಬೂದಿ ಅದು, ಹಾರುಬೂದಿ. ಆರು ಬೂದಿಯಾದರೆ ಉಳಿದ ಐದು ಎಲ್ಲಿ ಎಂದು ಕೇಳಿದೆ.

ಅವಳು ಪೆನ್ನು ನನ್ನ ಕಡೆ ಚಾಚಿದಳು. “ಹಾಗಿದ್ರೆ ನೀವೇ ಬರ್ಕೊಡಿ.”

ಇಡೀ ಮಧ್ಯಾಹ್ನ ಚೀಟಿ ಬರೆದೆ. ಬೆನ್ನು ನೋವು. ಟೀ ಮರೆತೇಹೋಯಿತು, ಅವಳಿಗೂ, ನನಗೂ.

ಅಕ್ಟೋಬರ್ ೧೯, ಭಾನುವಾರ

ಫೋನ್ ಮಾಡಿದೆ. ಸ್ವಿಚ್ ಆಫ್. ಮಂಡಿ ನೋವು. ಬೇರೇನಿಲ್ಲ.

ಅಕ್ಟೋಬರ್ ೨೪, ಶುಕ್ರವಾರ

ಮೊನ್ನೆ ಸೋಮವಾರ ಬಿಲ್ಲೆಗಳನ್ನು ಹಿತ್ತಲಿನ ಹಳೇ ಡ್ರಮ್ಮಿನ ಕುಲುಮೆಯಲ್ಲಿ ಸುಟ್ಟಿದ್ದೆವು. ಕೆಲವು ಸೀಳಿದವು. ಬರೀ ಸಿಮೆಂಟು, ಹೊಳೆ ಮರಳಿನ ಬಿಲ್ಲೆ ಮಾತ್ರ ಕೆಂಡದಿಂದ ಹಾಗೇ ಇಡಿಯಾಗಿ ಬಂದಿತ್ತು. ಮೂಲೆಯಲ್ಲಿ ಉಳಿದ ಮೂಟೆಗಳನ್ನು ನೋಡಿದರೆ ಮಗ ಬಳಸುತ್ತಿದ್ದುದು ಅದೇ. ನೋಡಿದೆಯಾ ಎಂದು ಹೇಳಿ ಅದನ್ನು ನಾನೇ ಕಪಾಟಿನಲ್ಲಿ ಮುಂದುಗಡೆ ಇಟ್ಟಿದ್ದೆ.

ಇವತ್ತು ನೋಡಿದರೆ ಆ ಜಾಗದಲ್ಲಿ ಪುಡಿಯ ಗುಡ್ಡೆ. ಯಾರೂ ಮುಟ್ಟಿಲ್ಲ. ಬೆಂಕಿಯಲ್ಲಿ ಬದುಕಿದ್ದು ಕಪಾಟಿನಲ್ಲಿ ಸತ್ತಿತು. ಪಕ್ಕದ ಹಾರುಬೂದಿಯ ಬಿಲ್ಲೆಗೆ ಒಂದು ಕೂದಲೆಳೆಯ ಬಿರುಕು, ಅಷ್ಟೆ.

ಗಾಳಿಗೆ ಬಿದ್ದಿರಬೇಕು ಎಂದೆ. ಕಿಟಕಿ ಮುಚ್ಚಿತ್ತು. ಅವಳು ಪುಡಿಯನ್ನು ಒಂದು ಡಬ್ಬಿಗೆ ತುಂಬಿಕೊಂಡಳು.

ಅಕ್ಟೋಬರ್ ೨೯, ಬುಧವಾರ

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋಗಿದ್ದೆವು. ಬಸ್ಸಿನಲ್ಲಿ ಎರಡು ಗಂಟೆ. ಒಬ್ಬಳೇ ಹೋಗುತ್ತೇನೆಂದಳು, ಡಬ್ಬಿ ಹಿಡಿದುಕೊಂಡು ಹೆಂಗಸೊಬ್ಬಳು ಅಲೆದರೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ನಾನೂ ಹೊರಟೆ. ಯಾರೂ ತಡೆಯಲಿಲ್ಲ. ಲ್ಯಾಬಿನ ಮೇಡಂ ನನಗೊಂದು ಕುರ್ಚಿ ಹಾಕಿಸಿ ಅವಳ ಜೊತೆ ಪುಡಿ ನೋಡುತ್ತ ನಿಂತರು. ಕನ್ನಡಕ ಹಣೆಯ ಮೇಲಿಟ್ಟು ಮನೆಯೆಲ್ಲ ಕನ್ನಡಕ ಹುಡುಕುವ ಪೈಕಿ, ಆದರೆ ಹೇಳಿದ್ದು ನೇರವಾಗಿ ಹೇಳಿದರು.

ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಒಳಗೆ ಸುಣ್ಣದಂಥದ್ದು ಹುಟ್ಟುತ್ತದಂತೆ. ಜೋರು ಶಾಖಕ್ಕೆ ಅದು ನೀರು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ತಣಿದ ಮೇಲೆ ಗಾಳಿಯ ತೇವ ಹೀರಿ ಉಬ್ಬಿ ಸುತ್ತಲಿನದನ್ನೆಲ್ಲ ಒಡೆಯುತ್ತದೆ. ಹಾರುಬೂದಿ ಹಾಕಿದರೆ ಅದು ಆ ಸುಣ್ಣವನ್ನು ಮೊದಲೇ ತಿಂದು ಹಾಕುತ್ತದೆ. ಹೊಳೆ ಮರಳೂ ಕಾದಾಗ ತಟ್ಟನೆ ಹಿಗ್ಗುತ್ತದೆ. ಅದರ ಬದಲು ಬೆಂಕಿ ಇಟ್ಟಿಗೆಯ ನುಚ್ಚು ಹಾಕಿ, ಅದು ಒಮ್ಮೆ ಬೆಂಕಿ ಕಂಡು ಬಂದದ್ದು ಎಂದರು. ಉರಿ ನೇರವಾಗಿ ತಾಗುವ ಒಳಮೈಗಂತೂ ಮಾಮೂಲಿ ಸಿಮೆಂಟು ಸಾಲದೇ ಸಾಲದು, ಶಾಖ ತಡೆಯುವ ಅಲ್ಯುಮಿನಾ ಸಿಮೆಂಟೇ ಬೇಕು.

ವಾಪಸು ಬರುವಾಗ ಅವಳಿಗೆ ನಿದ್ದೆ ಹತ್ತಿತು. ರಸ್ತೆ ಗುಂಡಿಗೊಮ್ಮೆ ತಲೆ ಗಾಜಿಗೆ ಬಡಿಯುತ್ತಿತ್ತು. ಕೈಚೀಲ ಮಡಿಸಿ ನಡುವೆ ತುರುಕಿದೆ. ಚೀಲದಲ್ಲಿದ್ದ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕೂತೆ. ಬಹಳ ದಣಿವಾಗಿದೆ.

ನವೆಂಬರ್ ೨, ಭಾನುವಾರ

ಮಗ ಫೋನ್ ಎತ್ತಿದ. ಹೇಳಬೇಕೆಂದು ಕೂಡಿಟ್ಟುಕೊಂಡದ್ದು ಬಹಳ ಇತ್ತು. ಯಾಕೋ ಬಾಯಿಗೆ ಬಂದದ್ದು, ಬನ್‌ರಾಯನ ಗುಮ್ಮಟಕ್ಕೆ ಏನು ಹಾಕಿದ್ದೆ ಎಂದು.

“ಏನ್ ಹಾಕ್ತಾರೆ ಅಪ್ಪ, ಸಿಮೆಂಟು, ಮರಳು. ಒಂದು ವರ್ಷ ಬಂತಲ್ಲ.”

ನಕ್ಕ. ಆಮೇಲೆ ಮಾಡುತ್ತೇನೆಂದು ಇಟ್ಟುಬಿಟ್ಟ.

ಸೊಸೆಗೆ ಹೇಳಲಿಲ್ಲ. “ಒಂದು ವರ್ಷ ಬಂತಲ್ಲ” ಎಂಬ ವಾಕ್ಯದಲ್ಲಿ ತಿದ್ದುವಂಥ ತಪ್ಪೇನೂ ಇಲ್ಲ. ಆದರೂ ಕಣ್ಣು ಅಲ್ಲೇ ನಿಲ್ಲುತ್ತಿದೆ.

ನವೆಂಬರ್ ೬, ಗುರುವಾರ

ಇವತ್ತು ಅಕ್ಷರಗಳು ಸೊಟ್ಟಗೆ ಬರುತ್ತಿವೆ.

ಅಂಗಡಿಯವನು ಸಿಲಿಕಾ ಪುಡಿ ಎಂದು ಕೊಟ್ಟಿದ್ದ, ಮುಖಕ್ಕೆ ಹಚ್ಚುವ ಪೌಡರಿಗಿಂತ ನಯ. ಇದನ್ನು ಬೆರೆಸಿದರೆ ಸಿಮೆಂಟು ಕಬ್ಬಿಣವಾಗುತ್ತದೆ ಎಂದಿದ್ದ. ನಿಜಕ್ಕೂ ಬಿಲ್ಲೆ ಕಲ್ಲಿನಂತಾಗಿತ್ತು, ಉಗುರು ನಾಟುತ್ತಿರಲಿಲ್ಲ. ನಮಗೆ ಸಂತೋಷ. ಸರಿಯಾಗಿ ಒಣಗಲೂ ಬಿಡದೆ ಕುಲುಮೆಗಿಟ್ಟೆವು. ಸ್ವಲ್ಪ ಹೊತ್ತಿಗೆಲ್ಲ ಪಟಾಕಿಯಂತೆ ಸಿಡಿಯಿತು. ಡ್ರಮ್ಮಿನ ಮುಚ್ಚಳ ಗೋಡೆಗೆ ಹೋಗಿ ಬಡಿಯಿತು. ಒಂದು ಚೂರು ಅವಳ ಹುಬ್ಬಿನ ಮೇಲೆ. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು.

ರಕ್ತ ತೊಳೆದೆ. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದೆನಂತೆ; “ಸಾಕು ಮಾವ, ಡಾಕ್ಟರ ಹತ್ರ ಹೋಗೋಣ,” ಅಂದಳು ಅವಳೇ. ಹೊಲಿಗೆ ಹಾಕಿಸಿಕೊಳ್ಳುವಾಗ ಅಳಲಿಲ್ಲ. ಗಂಡ ಹೋದ ದಿನವೂ ಅತ್ತಿರಲಿಲ್ಲ. ಅವತ್ತು ನನಗೆ ಅದು ಬೇರೆಯೇ ಥರ ಕಂಡಿತ್ತು.

ನವೆಂಬರ್ ೯, ಭಾನುವಾರ

ಬೀಗಿತ್ತಿ ಬಂದಿದ್ದಾರೆ. ಮಗಳ ಹುಬ್ಬು ನೋಡಿ ಚೀಲವನ್ನೂ ಕೆಳಗಿಡದೆ ಶುರು ಮಾಡಿದರು. ಕಟ್ಟಿಕೊಂಡವನೇ ಬಿಟ್ಟುಹೋದ ಮೇಲೆ ಇವಳಿಗೆ ಈ ಮನೆಯಲ್ಲಿ ಏನು ಕೆಲಸ, ನಿಮ್ಮ ಮಗ ಮಾಡಿಟ್ಟ ಒಡಕು ಭಟ್ಟಿಗೆ ನನ್ನ ಮಗಳು ತಲೆ ಒಡೆದುಕೊಳ್ಳಬೇಕೇ ಎಂದರು. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಕರೆದುಕೊಂಡು ಹೋಗಿ ಎಂದೆ.

ಅವಳು ಪಾತ್ರೆ ತೊಳೆಯುತ್ತಿದ್ದಳು. ಬೆನ್ನು ತಿರುಗಿಸಿಕೊಂಡೇ, “ಭಟ್ಟಿ ಮುಗೀಲಿ ಅಮ್ಮ,” ಅಂದಳು.

ಬೀಗಿತ್ತಿ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡರು. ಈ ಗದ್ದಲದಲ್ಲಿ ದಿನ ಹೋದದ್ದೇ ತಿಳಿಯಲಿಲ್ಲ. ಹೋಗುವುದೇ ಸರಿ ಅವಳು. ಹೋದರೆ ಚೀಟಿ ಯಾರಿಗೆ ಬರೆಯುವುದೋ ಗೊತ್ತಿಲ್ಲ.

ನವೆಂಬರ್ ೧೬, ಭಾನುವಾರ

ಲ್ಯಾಬಿನ ಮೇಡಂಗೆ ಫೋನ್ ಮಾಡಿದಾಗ ಮೊದಲು ಬೈದರು, ಆಮೇಲೆ ಹೇಳಿದರು. ಸಿಲಿಕಾ ಪುಡಿ ಸಣ್ಣ ಸಣ್ಣ ಸಂದುಗಳನ್ನೂ ಮುಚ್ಚಿಬಿಡುತ್ತದೆ. ಒಳಗಿನ ತೇವ ಆವಿಯಾದಾಗ ಹೊರಬರಲು ದಾರಿಯೇ ಇರುವುದಿಲ್ಲ. ಆ ಪುಡಿ ಬಿಡಿ, ತೆಳ್ಳಗಿನ ಪ್ಲಾಸ್ಟಿಕ್ ಎಳೆ ಬೆರೆಸಿ, ಅದು ಬಿಸಿಗೆ ಕರಗಿ ದಾರಿ ಬಿಡುತ್ತದೆ ಎಂದರು. ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಒಣಗಿಸಿ. ನಿಧಾನ ಎಂದರೆ ದಿನಗಟ್ಟಲೆ.

ಆ ಎಳೆ ನನ್ನ ತಲೆಗೂದಲಿನಷ್ಟೇ ಬಿಳಿ, ಉಂಡೆ ಕಟ್ಟಿಕೊಂಡಿರುತ್ತದೆ. ಕೂತು ಬಿಡಿಸಬೇಕು. ನಾನು ಬಿಡಿಸುತ್ತಿದ್ದೆ, ಸೊಸೆ ಬಿಡಿಸುತ್ತಿದ್ದಳು. ಬೀಗಿತ್ತಿ ದೂರ ಕೂತು ನೋಡಿದರು, ನೋಡಿದರು, ಕೊನೆಗೆ ತಡೆಯಲಾರದೆ, ಹೀಗಾ ಬಿಡಿಸುವುದು ಎಂದು ನನ್ನ ಕೈಯಿಂದ ಕಿತ್ತುಕೊಂಡರು. ನಾನು ಒಂದು ಉಂಡೆ ಮುಗಿಸುವಷ್ಟರಲ್ಲಿ ಅವರದು ನಾಲ್ಕು.

ಹೊಸ ಬಿಲ್ಲೆ ಸಿಡಿಯಲಿಲ್ಲ. ಮೂರು ಸಲ ಕಾಸಿ ಮೂರು ಸಲ ತಣಿಸಿದೆವು. ಈಗ ನಮ್ಮ ಬೆರಕೆ ತೀರ್ಮಾನವಾಯಿತು: ಒಳಪದರಕ್ಕೆ ಅಲ್ಯುಮಿನಾ ಸಿಮೆಂಟು, ಬೆಂಕಿ ಇಟ್ಟಿಗೆ ನುಚ್ಚು, ಎಳೆ, ಹೊರಪದರಕ್ಕೆ ಮಾಮೂಲಿ ಸಿಮೆಂಟು, ಹಾರುಬೂದಿ, ಇಟ್ಟಿಗೆ ಪುಡಿ. ಚೀಟಿ ಅಂಟಿಸಿ ಮಲಗುತ್ತಿದ್ದೇನೆ.

ನವೆಂಬರ್ ೨೦, ಗುರುವಾರ

ಬೀಗಿತ್ತಿ ಒಬ್ಬರೇ ಹೊರಟರು. ಬಸ್ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ, “ಹೊಟ್ಟೆ ತುಂಬ ತಿಂತಾಳಾ ನೋಡಿ ಬೀಗರೇ, ಕೆಲಸ ಹಿಡಿದ್ರೆ ಮರೀತಾಳೆ,” ಎಂದರು.

ಅದು ನನಗೂ ಗೊತ್ತು.

ನವೆಂಬರ್ ೨೮, ಶುಕ್ರವಾರ

ಗುಮ್ಮಟ ಬಿತ್ತು. ಅಂದರೆ ಎರಕ ಹಾಕಿ ಮುಗಿಯಿತು. ‘ಬಿತ್ತು’ ಎಂಬುದನ್ನು ಹೊಡೆದುಹಾಕಬೇಕು, ಅಪಶಕುನ.

ಬೇಕರಿಯ ಹಿಂದಿನ ಕೋಣೆಯಲ್ಲಿ ಹಳೆಯದನ್ನು ಕೆಡವಿ, ಒದ್ದೆ ಮರಳನ್ನು ಗುಮ್ಮಟದ ಆಕಾರಕ್ಕೆ ಗುಡ್ಡೆ ಮಾಡಿ, ಅದರ ಮೇಲೆ ಬೆರಕೆ ಮೆತ್ತುವುದು. ಹಳೆಯದು ಕೆಡವಲು ಸುತ್ತಿಗೆಯೇ ಬೇಕಾಗಲಿಲ್ಲ, ಬನ್‌ರಾಯ ಕೈಯಲ್ಲೇ ಕಿತ್ತ. ಕೀಳುವಾಗ ನನ್ನ ಮುಖ ನೋಡದಂತೆ ಎಚ್ಚರ ವಹಿಸಿದ, ಒಳ್ಳೆಯವನು. ಅಲ್ಯುಮಿನಾ ಸಿಮೆಂಟು ಬೇಗ ಬಿಗಿದುಕೊಳ್ಳುತ್ತದೆ. ಕಲಸಿದ್ದನ್ನು ಕಲಸಿದ ಕೈಯಲ್ಲೇ ಮೆತ್ತಬೇಕು, ಕೆಮ್ಮಲೂ ಪುರುಸೊತ್ತಿಲ್ಲ. ನಾನು ತೂಗುತ್ತೇನೆ, ಬನ್‌ರಾಯನ ಹೆಂಡತಿ ಕಲಸುತ್ತಾಳೆ, ಸೊಸೆ ಕರಣೆ ಹಿಡಿದು ಮೆತ್ತುತ್ತಾಳೆ. ಹಿಟ್ಟು ನಾದಿದ ಕೈ, ಕಲಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ.

ಮಧ್ಯದಲ್ಲಿ ಒಂದು ಸಲ ನನಗೆ ತೂಕ ತಪ್ಪಿತು. ಎಳೆ ಹಾಕುವುದು ಮರೆತೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದೆ. ಸೊಸೆ ಒಂದು ಕ್ಷಣ ಕಣ್ಣು ಮುಚ್ಚಿ, ಮೆತ್ತಿದ್ದನ್ನು ಬೊಗಸೆಯಲ್ಲಿ ಬಗೆದು ಹೊರಗೆ ಹಾಕಿದಳು. “ಇನ್ನೊಂದ್ಸಲ ತೂಗಿ ಮಾವ,” ಅಷ್ಟೇ ಅಂದದ್ದು.

ಬೆನ್ನು ಬಗ್ಗಿದ್ದು ಇನ್ನೂ ನೆಟ್ಟಗಾಗಿಲ್ಲ. ಕೂತೇ ಊಟ ಮಾಡಿ ಕೂತಲ್ಲೇ ಬರೆಯುತ್ತಿದ್ದೇನೆ.

ಡಿಸೆಂಬರ್ ೪, ಗುರುವಾರ

ಒಳಗಿನ ಮರಳು ತೋಡಿ ತೆಗೆದಾಯಿತು, ಈಗ ಒಣಗಿಸುವ ಬೆಂಕಿ. ಮೊದಲ ದಿನ ದೀಪದಷ್ಟು, ಮಾರನೆಯ ದಿನ ಚಹಾ ಕಾಯುವಷ್ಟು, ದಿನಾ ಸ್ವಲ್ಪ ಏರಿಸಬೇಕು. ಹಗಲು ನನ್ನ ಪಾಳಿ, ಸಂಜೆಯ ಮೇಲೆ ಅವಳದು. ಬನ್‌ರಾಯ ಗಳಿಗೆಗೊಮ್ಮೆ ಬಂದು ಒಂದೇ ಒಂದು ಬ್ರೆಡ್ಡು ಇಟ್ಟು ನೋಡಲೇ ಎನ್ನುತ್ತಾನೆ. ನನ್ನನ್ನು ಕೇಳಿದರೆ ಏನು ಬಂತು. ಅವಳನ್ನು ಕೇಳುವ ಧೈರ್ಯ ಅವನಿಗಿಲ್ಲ.

ಡಿಸೆಂಬರ್ ೭, ಭಾನುವಾರ

ಬೆಂಕಿ ಇನ್ನೂರೈವತ್ತು ಡಿಗ್ರಿಗೆ ಏರಿತು. ಬಿರುಕಿಲ್ಲ. ನೆತ್ತಿಯಿಂದ ಹೊರಡುತ್ತಿದ್ದ ಆವಿ ನಿಂತಿದೆ. ಕಟ್ಟಿಗೆ ಸ್ವಲ್ಪ ಹಸಿ ಇತ್ತು, ಹೊಗೆ ಕಾಟ. ಬನ್‌ರಾಯ ಬೇರೆ ತರಿಸಿದ.

ಮಧ್ಯಾಹ್ನ ಮಗ ಬಂದಿದ್ದ. ಮನೆಯ ಮುಂಬಾಗಿಲಿಗೆ ಬೀಗ ನೋಡಿ ಬೇಕರಿಗೆ ಬಂದನಂತೆ. ಸೊರಗಿದ್ದಾನೆ, ಹೊಸ ಚಪ್ಪಲಿ ಹಾಕಿದ್ದಾನೆ. ಬಾಗಿಲಲ್ಲೇ ನಿಂತಿದ್ದ.

“ಅಪ್ಪ, ನಾನು ಬಂದಿದ್ದೀನಿ.”

“ಬಂದ್ಯಾ, ಕೂತ್ಕೋ. ಆ ಸಣ್ಣ ಕಟ್ಟಿಗೆ ಇತ್ತ ಕೊಡು.”

ಕೊಟ್ಟ. ಬೆಂಚಿನ ತುದಿಯಲ್ಲಿ ಕೂತ. ಬಾಗಿಲ ಕಡೆ ನೋಡುತ್ತಿದ್ದ. ಅವಳು ಮನೆಗೆ ಹೋಗಿ ಮಲಗಿರುವ ಹೊತ್ತು, ಮುಂದೆ ಬೀಗ ಹಾಕಿ ಹಿಂಬಾಗಿಲಿನಿಂದ ಒಳಹೊಕ್ಕು, ಯಾರು ಬಡಿದರೂ ಏಳುವುದಿಲ್ಲ. ಆಮೇಲೆ ಅವನು ಎದ್ದು ಗುಮ್ಮಟವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಒಳಗೆ ಏನು ಹಾಕಿದಿರಿ ಎಂದ. ಹೇಳಿದೆ, ಎಲ್ಲವನ್ನೂ ತೂಕದ ಸಮೇತ. ಹೇಳುತ್ತ ಹೇಳುತ್ತ ಹೊತ್ತಾಯಿತು. ಸುಣ್ಣದ ವಿಷಯ, ಎಳೆಯ ವಿಷಯ, ಮೇಡಂ ಬೈದದ್ದು. ಅವನು ಅರ್ಧಕ್ಕೇ ಕೇಳುವುದು ಬಿಟ್ಟಿದ್ದ. ಇಷ್ಟೆಲ್ಲ ಯಾರು ಮಾಡ್ತಾರೆ ಅಪ್ಪ, ನಾನಾದರೆ ಮಾರನೆಯ ದಿನವೇ ಬೆಂಕಿ ಹಾಕಿಸಿಬಿಡುತ್ತಿದ್ದೆ ಎಂದ. ಅದು ಗೊತ್ತಾಗಿದೆ ಎಂದೆ. ಸಿಟ್ಟಿನಿಂದ ಅಂದದ್ದಲ್ಲ.

ಅಲ್ಲಿ ಎರಡು ಕೋಣೆಯ ಮನೆ ಮಾಡಿದ್ದಾನಂತೆ. ಒಂದು ನನಗೆ.

“ಬಂದ್ಬಿಡಿ ಅಪ್ಪ. ಈ ವಯಸ್ಸಲ್ಲಿ ನಿಮಗ್ಯಾಕೆ ಈ ಹೊಗೆ, ಧೂಳು? ಅವಳೂ ಅವರಮ್ಮನ ಮನೆಗೆ ಹೋಗ್ತಾಳೆ, ಅವಳ ಪಾಡಿಗೆ ಅವಳಿರ್ತಾಳೆ.”

“ಇನ್ನೂ ನಾಲ್ಕು ದಿನ ಬೆಂಕಿ ಇದೆ ಕಣೋ.”

“ನಾಲ್ಕು ದಿನ ಆದ್ಮೇಲೆ?”

“ಆದ್ಮೇಲೆ ತಣಿಯೋಕೆ ಬಿಡ್ಬೇಕು. ಅದೂ ನಿಧಾನ.”

ಅವನು ನನ್ನನ್ನೇ ನೋಡಿದ. ನಾನು ಬೇಕೆಂದು ಹಾಗೆ ಹೇಳಿದ್ದಲ್ಲ, ತಣಿಸುವುದೂ ನಿಧಾನವೇ. ಟೀ ಕುಡಿದ. ಬನ್‌ರಾಯ ಅವನನ್ನು ಚೆನ್ನಾಗಿಯೇ ಮಾತಾಡಿಸಿದ. ಐದರ ಬಸ್ಸಿಗೆ ಹೋದ. ಬಾಗಿಲವರೆಗೆ ಹೋಗಿ ಕಳಿಸಿದೆ. ಬೆಂಕಿ ಬಿಟ್ಟು ನಿಲ್ದಾಣದವರೆಗೆ ಹೋಗಲಾಗಲಿಲ್ಲ. ಎಷ್ಟಾದರೂ ನನ್ನ ಮಗ, ತಿರುವು ದಾಟುವವರೆಗೆ ನೋಡುತ್ತ ನಿಂತೆ. ಅಷ್ಟರಲ್ಲಿ ಶಾಖದ ಮಾಪಕದ ಮುಳ್ಳು ಇನ್ನೂರೆಂಬತ್ತು ತೋರಿಸುತ್ತಿತ್ತು, ಓಡಿಬಂದು ಕಟ್ಟಿಗೆ ಎಳೆದೆ.

ಸಂಜೆ ಸೊಸೆ ಪಾಳಿಗೆ ಬಂದಳು. ಬನ್‌ರಾಯನ ಹೆಂಡತಿ ಹೇಳಿದ್ದಾಳೆಂದು ಮುಖದಲ್ಲೇ ಗೊತ್ತಾಯಿತು. ಬಾಗಿ ಭಟ್ಟಿಯ ಒಳಗೆ ಬಹಳ ಹೊತ್ತು ನೋಡಿದಳು.

“ನೀವು ಹೋಗ್ಬೇಕಿತ್ತೇನೋ ಮಾವ. ಬೆಂಕಿ ನಾನೊಬ್ಬಳೇ ನೋಡ್ಕೋತಿದ್ದೆ.”

“ನೋಡ್ಕೊಂಡು, ನಿದ್ದೆ ಯಾವಾಗ ಮಾಡ್ತಿದ್ದೆ?”

ಅವಳು ತಿರುಗಲಿಲ್ಲ. ಹೊಗೆಗೆ ಕಣ್ಣು ಒರೆಸಿಕೊಂಡಳು. ಹೊಸ ಕಟ್ಟಿಗೆಗೆ ಅಷ್ಟೇನೂ ಹೊಗೆ ಇರಲಿಲ್ಲ.

ಡಿಸೆಂಬರ್ ೧೭, ಬುಧವಾರ

ಬ್ರೆಡ್ಡು ಬಂತು. ಬನ್‌ರಾಯ ಮೊದಲನೆಯದನ್ನು ಅಂಗಡಿಯ ಮುಂದೆ ನಿಂತು, ಬೀದಿಗೆ ಕಾಣುವಂತೆ, ತಾನೇ ಕಚಕಚ ಅಗಿದು ತೋರಿಸಿದ. ನಾಲಿಗೆ ಸುಡುವಷ್ಟು ಬಿಸಿ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಗುಮ್ಮಟದೊಳಗೆ ಬೆರಳಾಡಿಸಿದೆವು, ಒಂದು ಕಣ ಉದುರಲಿಲ್ಲ. ಒಂದು ವರ್ಷ ನೋಡಿ ಹೇಳುತ್ತೇನೆ ಎಂದಳು ಸೊಸೆ. ಹತ್ತು ವರ್ಷ ಎಂದ ಬನ್‌ರಾಯ.

ಮನೆಗೆ ಬಂದ ಮೇಲೆ ಅವಳು ವರ್ಕ್‌ಶಾಪು ಗುಡಿಸತೊಡಗಿದಳು. ಮೂಟೆಗಳನ್ನು ಒಂದು ಕಡೆಗೆ ಸರಿಸಿ, ಅಚ್ಚುಗಳನ್ನು ತೊಳೆದು ಕವುಚಿಟ್ಟು, ಮೂಲೆ ಮೂಲೆ ಬಿಡದೆ. ಹೊರಡುವವರು ಹೀಗೆ ಗುಡಿಸುತ್ತಾರೆ. ಮೆಟ್ಟಿಲ ಮೇಲೆ ಕೂತು ನೋಡಿದೆ.

“ಭಟ್ಟಿ ಮುಗೀತಲ್ಲಮ್ಮ. ಯಾವತ್ತು ಹೊರಡ್ತೀಯ?”

ಪೊರಕೆ ನಿಂತಿತು.

“ನೀವು ಯಾವತ್ತು ಹೊರಡ್ತೀರಿ ಅಂತ ಕೇಳೋಕೆ ನಾನು ಹತ್ತು ದಿನದಿಂದ ಒದ್ದಾಡ್ತಿದ್ದೀನಿ.”

“ನಾನೆಲ್ಲಿಗೆ?”

“ನಾನೆಲ್ಲಿಗೆ?” ಎಂದಳು ಅವಳೂ.

ಅವಳು ಕಸದ ಮೊರವನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ಇಳಿದು ಹೋಗಿ ಹಿಡಿದೆ. ತಿಂಗಳುಗಳ ಧೂಳು, ಇಬ್ಬರೂ ಕೆಮ್ಮಿ ಕೆಮ್ಮಿ ಸುಸ್ತಾದೆವು. ಕಿಟಕಿ ತೆರೆದಿಟ್ಟೆ.